ಗಲ್ಫ್ ವೀಸಾ ಬೇರೆ, ವಿದ್ಯಾರ್ಥಿ ವೀಸಾ ಬೇರೆ

(ಕಲ್ಲುಗುಂಡಿಯಲ್ಲಿ ನಡೆದ ಪೋಷಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಯುರೋಪಿನಲ್ಲಿ ಉನ್ನತ ವ್ಯಾಸಂಗ ಎಂಬ ವಿಷಯವನ್ನು ಸಂಘಟಕರು ನಮಗೆ ವಹಿಸಿದ್ದಾರೆ. ಇಂತಹ ವಿಷಯಗಳು ಸಾಮಾನ್ಯವಾಗಿ ಮಂಗಳೂರಿನ ಅಥವಾ ಬೆಂಗಳೂರಿನ ಸಭಾಂಗಣಗಳಲ್ಲಿ ಚರ್ಚೆಯಾಗುತ್ತವೆ. ಪಯಸ್ವಿನಿಯ ದಡದ ಈ ಪುಟ್ಟ ಪೇಟೆಯಲ್ಲಿ ಅದನ್ನು ಚರ್ಚಿಸಬೇಕಾಗಿ ಬಂದಿರುವುದಕ್ಕೆ ಕಾರಣಗಳಿವೆ. ಸಂಪಾಜೆ, ಅರಂತೋಡು, ತೊಡಿಕಾನ ಭಾಗದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಾ ಬಂದಿದೆ. ಇತ್ತೀಚೆಗೆ ಎಲೆಚುಕ್ಕಿ ರೋಗವೂ ಅದಕ್ಕೆ ಜೊತೆಯಾಗಿದೆ. 2022ರ ಆಗಸ್ಟ್‌ನಲ್ಲಿ ಇದೇ ಪೇಟೆಗೆ ಹೊಳೆಯ ನೀರು ನುಗ್ಗಿದ್ದನ್ನು ನೀವು ಮರೆತಿರಲಾರಿರಿ. ಅತ್ತ ಸೌದಿ ಅರೇಬಿಯಾ 2011ರಲ್ಲಿ ನಿತಾಕತ್ ಜಾರಿಗೆ ತಂದ ಬಳಿಕ ಗಲ್ಫಿನ ಬಾಗಿಲು ಮೊದಲಿನಷ್ಟು ಅಗಲವಾಗಿಲ್ಲ. ತೋಟವೂ ಕೈಕೊಟ್ಟು ಗಲ್ಫೂ ಇಕ್ಕಟ್ಟಾದಾಗ ತಂದೆ ತಾಯಿಯರ ಕಣ್ಣು ಜರ್ಮನಿ, ಐರ್ಲೆಂಡ್, ಬ್ರಿಟನ್‌ಗಳ ಕಡೆಗೆ ಹೊರಳಿದೆ. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ಆತಂಕವಿರುವುದು ನಾವು ಹೊರಟಿರುವ ರೀತಿಯ ಬಗ್ಗೆ.

ಗಲ್ಫಿಗೆ ಹೋಗುವ ರೀತಿ ನಮಗೆಲ್ಲ ಗೊತ್ತಿದೆ. ಎಪ್ಪತ್ತರ ದಶಕದಿಂದ ನಮ್ಮ ಹಿರಿಯರು ಅದನ್ನೇ ಮಾಡಿದರು. ಒಂದು ವೀಸಾ ಸಿಕ್ಕಿತು, ಹೋದರು, ದುಡಿದರು, ತಮ್ಮನಿಗೆ ಇನ್ನೊಂದು ವೀಸಾ ಕಳಿಸಿದರು. ಈ ಭಾಗದ ಎಷ್ಟೋ ಮನೆ, ಮಸೀದಿ, ಮದ್ರಸಗಳ ಗೋಡೆಯಲ್ಲಿ ಆ ಬೆವರಿದೆ. ಅಲ್ಲಿ ಏನು ಕೆಲಸ ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಬೇಕಾದ ಅಗತ್ಯವೂ ಇರಲಿಲ್ಲ. ಸಂಬಳ ಬರುತ್ತಿತ್ತಲ್ಲ! ಇಂದು ಮಗ ಯುರೋಪಿಗೆ ಹೊರಟಾಗಲೂ ನಾವು ಅದೇ ಪ್ರಶ್ನೆ ಕೇಳುತ್ತೇವೆ: ವೀಸಾ ಆಯಿತಾ? ಏನು ಕಲಿಯುತ್ತಾನೆ, ಯಾವ ಭಾಷೆಯಲ್ಲಿ ಕಲಿಯುತ್ತಾನೆ, ಆ ಸಂಸ್ಥೆ ಸರಕಾರದ್ದೇ ಖಾಸಗಿಯದ್ದೇ ಎಂಬುದು ತಂದೆಗೆ ಗೊತ್ತಿಲ್ಲ. ಎಷ್ಟೋ ಸಲ ಮಗನಿಗೂ ಗೊತ್ತಿರುವುದಿಲ್ಲ. ಗೊತ್ತಿರುವುದು ಏಜೆಂಟನಿಗೆ ಮಾತ್ರ.

ವಿದ್ಯೆಗಾಗಿ ದೇಶ ಬಿಡುವುದು ನಮಗೆ ಹೊಸದಲ್ಲ. ಇಂತಹ ಸಭೆಗಳಲ್ಲಿ ಚೀನಾದ ಹೆಸರಿರುವ ಒಂದು ಮಾತನ್ನು ಪ್ರವಾದಿ(ಸ)ಯವರ ವಚನವೆಂದು ಉದ್ಧರಿಸುವ ವಾಡಿಕೆಯಿದೆ. ಹದೀಸ್ ವಿದ್ವಾಂಸರು ಅದನ್ನು ದುರ್ಬಲವೆಂದೂ ಕೆಲವರು ಕಟ್ಟುಕತೆಯೆಂದೂ ಹೇಳಿರುವುದರಿಂದ ನಾವು ಅದನ್ನು ಉಪಯೋಗಿಸುವುದಿಲ್ಲ. ಅದರ ಅಗತ್ಯವೂ ಇಲ್ಲ. ಪ್ರವಾದಿ(ಸ)ಯವರ ಸಂಗಾತಿ ಜಾಬಿರ್ ಬಿನ್ ಅಬ್ದುಲ್ಲಾ(ರ)ರ ಪ್ರಯಾಣವೇ ಸಾಕು. ಸಿರಿಯಾದಲ್ಲಿದ್ದ ಒಬ್ಬರ ಬಳಿ ತಾವು ಕೇಳದ ಒಂದು ಹದೀಸ್ ಇದೆಯೆಂದು ತಿಳಿದಾಗ ಅವರು ಒಂಟೆ ಖರೀದಿಸಿ ಒಂದು ತಿಂಗಳ ದಾರಿ ಸವೆಸಿದರು. ಒಂದೇ ಒಂದು ಹದೀಸಿಗಾಗಿ! ಹೊರಡುವಾಗಲೇ ಅವರಿಗೆ ಎರಡು ಸಂಗತಿಗಳು ಗೊತ್ತಿದ್ದವು. ಯಾರ ಬಳಿಗೆ ಹೋಗುತ್ತಿದ್ದೇನೆ? ಏನನ್ನು ಕೇಳಲು ಹೋಗುತ್ತಿದ್ದೇನೆ? ನಮ್ಮ ಎಷ್ಟು ಮಕ್ಕಳು ವಿಮಾನ ಹತ್ತುವಾಗ ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲರು?

ತೀರಾ ಹಳೆಯ ಕಾಲದ ಮಾತು ಬೇಡವೆಂದಾದರೆ ಡಾ. ಝಾಕಿರ್ ಹುಸೇನರನ್ನು ನೋಡಿ. ಅಲಿಗಢದ ಸರಕಾರೀ ನೆರವಿನ ಕಾಲೇಜನ್ನು ಬಹಿಷ್ಕರಿಸಿ 1920ರಲ್ಲಿ ಜಾಮಿಅ ಮಿಲ್ಲಿಯವನ್ನು ಕಟ್ಟಿದ ಯುವಕರಲ್ಲಿ ಅವರೂ ಒಬ್ಬರು. 1922ರಲ್ಲಿ ಅವರು ಜರ್ಮನಿಗೆ ಹೋದರು. ಗಮನಿಸಿ, ಆಗ ಭಾರತೀಯನೊಬ್ಬ ವಿದೇಶದಲ್ಲಿ ಕಲಿಯುವುದೆಂದರೆ ಸಾಮಾನ್ಯವಾಗಿ ಇಂಗ್ಲೆಂಡಿಗೆ ಹೋಗುವುದೆಂದೇ ಅರ್ಥವಿತ್ತು. ಝಾಕಿರ್ ಹುಸೇನರು ಆಳುವವನ ದೇಶವನ್ನು ಬಿಟ್ಟು ಬರ್ಲಿನ್ ವಿಶ್ವವಿದ್ಯಾನಿಲಯವನ್ನು ಆರಿಸಿಕೊಂಡರು, ಜರ್ಮನ್ ಭಾಷೆ ಕಲಿತರು, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಿ ಇತ್ತ ಖಿಲಾಫತ್ ಚಳವಳಿ ತಣ್ಣಗಾಗಿ, ಜಾಮಿಅ ಹಣವಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. 1926ರಲ್ಲಿ ಝಾಕಿರ್ ಹುಸೇನ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಎಂಬ ಮೂವರು ಗೆಳೆಯರು ಯುರೋಪಿನಿಂದ ಮರಳಿ ಬಂದು, ಅಲ್ಪ ಸಂಬಳಕ್ಕೆ ಆ ಸಂಸ್ಥೆಯನ್ನು ಹೆಗಲ ಮೇಲೆ ಹೊತ್ತುಕೊಂಡರು. ಝಾಕಿರ್ ಹುಸೇನರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಇಂದು ಜಾಮಿಅ ಒಂದು ಕೇಂದ್ರೀಯ ವಿಶ್ವವಿದ್ಯಾನಿಲಯ. ಅವರು 1967ರಲ್ಲಿ ಈ ದೇಶದ ರಾಷ್ಟ್ರಪತಿಯಾದರು. ಅವರಿಗಿಂತ ಮೊದಲೇ ಅಲ್ಲಾಮ ಇಕ್ಬಾಲ್ ಕೇಂಬ್ರಿಜ್‌ನಲ್ಲಿ ಕಲಿತು, ಹೈಡಲ್‌ಬರ್ಗ್‌ನಲ್ಲಿ ಜರ್ಮನ್ ಅಭ್ಯಾಸ ಮಾಡಿ, 1907ರಲ್ಲಿ ಮ್ಯೂನಿಕ್‌ನಿಂದ ಡಾಕ್ಟರೇಟ್ ಪಡೆದಿದ್ದರು.

ಈಗ ಇಂದಿನ ಜರ್ಮನಿಯ ಲೆಕ್ಕಕ್ಕೆ ಬರೋಣ. ಜರ್ಮನಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಬಡವನ ಮಗ ಮತ್ತು ಮಧ್ಯಮ ವರ್ಗದ ಮಗಳು ನಿಜವಾಗಿ ಕನಸು ಕಾಣಬಹುದಾದ ದೇಶಗಳಲ್ಲಿ ಅದು ಮುಖ್ಯವಾದುದು. ಅಲ್ಲಿನ ಹೆಚ್ಚಿನ ಸರಕಾರೀ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ವಿದೇಶೀ ವಿದ್ಯಾರ್ಥಿಗಳಿಗೂ ಇಲ್ಲ. ಸೆಮಿಸ್ಟರಿಗೊಮ್ಮೆ ಒಂದು ಸಣ್ಣ ವಂತಿಗೆ ಕೊಡಬೇಕು, ಅಷ್ಟೇ. ವಿನಾಯಿತಿಗಳೂ ಇವೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾನಿಲಯವೂ 2024ರ ಚಳಿಗಾಲದಿಂದ ಶುಲ್ಕ ಆರಂಭಿಸಿದೆ. ಹೀಗಿದ್ದರೂ ಉಳಿದ ಬಾಗಿಲುಗಳು ತೆರೆದೇ ಇವೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ 49 ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ವಿದೇಶೀ ವಿದ್ಯಾರ್ಥಿಗಳಲ್ಲಿ ಚೀನೀಯರನ್ನು ಹಿಂದಿಕ್ಕಿ ಭಾರತೀಯರೇ ಮೊದಲ ಸ್ಥಾನಕ್ಕೆ ಬಂದಿದ್ದಾರೆ.

ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದು ಅರ್ಥವಲ್ಲ. ವೀಸಾ ಪಡೆಯಲು ಒಂದು ವರ್ಷದ ಜೀವನ ವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ಮೊದಲೇ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೋ, ಅಂದರೆ ಸುಮಾರು 12 ಲಕ್ಷ ರೂಪಾಯಿ. ಇದನ್ನು ಶುಲ್ಕವೆಂದು ಹೇಳಿ ಹೆದರಿಸುವವರಿದ್ದಾರೆ. ಅದು ವಿದ್ಯಾರ್ಥಿಯ ಸ್ವಂತ ಹಣ. ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೋದಂತೆ ಅವನ ಕೈಗೇ ಬರುತ್ತದೆ, ಅವನ ಬಾಡಿಗೆಗೆ, ಅನ್ನಕ್ಕೆ, ಆರೋಗ್ಯ ವಿಮೆಗೆ ಹೋಗುತ್ತದೆ. ಇನ್ನು 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸಿ ನೀಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ. ನಕಲಿ ಅಂಕಪಟ್ಟಿಗಳ ಕಾರಣಕ್ಕೆ ಪ್ರಾಮಾಣಿಕ ವಿದ್ಯಾರ್ಥಿ ಕೂಡಾ ಈ ಸರದಿಯಲ್ಲಿ ನಿಲ್ಲಬೇಕಾಗಿದೆ.

ಕೆಲಸದ ಬಗ್ಗೆ ಒಂದು ಮಾತು. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು 2024ರ ಮಾರ್ಚ್‌ನಿಂದ ಅನುಮತಿಯಿದೆ. ಅದರ ಮೇಲೆ ಹೋಗುವಂತಿಲ್ಲ. ಊರಿಗೆ ತಿಂಗಳು ತಿಂಗಳು ಹಣ ಕಳಿಸುತ್ತಾನೆಂಬ ಭರವಸೆಯಲ್ಲಿ ಮಗನನ್ನು ಕಳಿಸುವ ತಂದೆ, ಅವನನ್ನು ತರಗತಿಯಿಂದ ಗೋದಾಮಿಗೆ ದೂಡುತ್ತಾನೆ. ಪರೀಕ್ಷೆಯಲ್ಲಿ ಸೋತರೆ ಅವನು ಅಲ್ಲಿರುವ ಹಕ್ಕನ್ನೇ ಕಳೆದುಕೊಳ್ಳಬಹುದು. ಕಲಿತು ಮುಗಿಸಿದವನಿಗಾದರೋ, ತನ್ನ ವಿದ್ಯೆಗೆ ತಕ್ಕ ಕೆಲಸ ಹುಡುಕಲು 18 ತಿಂಗಳ ಅವಕಾಶವಿದೆ. ಕಲಿಯಲು ಹೋದವನಿಗೆ ದುಡಿಮೆಯ ದಾರಿಯೂ ತೆರೆಯುತ್ತದೆ. ದುಡಿಯಲು ಹೋಗಿ ಕಲಿಯುವವನಂತೆ ನಟಿಸಿದವನಿಗೆ ಎರಡೂ ಮುಚ್ಚುತ್ತವೆ.

ಕೆಲವು ತಿಂಗಳ ಹಿಂದೆ ಒಬ್ಬರು ತಂದೆ ನಮ್ಮ ಮುಂದೆ ಒಂದು ಕಡತ ತಂದಿಟ್ಟರು. ಮಗನಿಗೆ ಜರ್ಮನಿಯಲ್ಲಿ ಪ್ರವೇಶ ಸಿಕ್ಕಿದೆ, ಒಮ್ಮೆ ಓದಿ ಹೇಳಿ ಎಂದರು. ಓದಿದೆವು. ಅದೊಂದು ಖಾಸಗಿ ಸಂಸ್ಥೆ. ವರ್ಷಕ್ಕೆ ಹತ್ತು ಸಾವಿರ ಯೂರೋಗಿಂತ ಹೆಚ್ಚು ಶುಲ್ಕ. ಖಾತೆಯ ಹಣ ಬೇರೆ. ಜರ್ಮನಿಯಲ್ಲಿ ಶುಲ್ಕವಿಲ್ಲದ ಸರಕಾರೀ ವಿಶ್ವವಿದ್ಯಾನಿಲಯಗಳಿರುವುದು ಗೊತ್ತೇ ಎಂದು ಕೇಳಿದೆವು. ಅವರಿಗೆ ಗೊತ್ತಿರಲಿಲ್ಲ. “ಏಜೆಂಟರು ನಮ್ಮಿಂದ ಒಂದು ಪೈಸೆಯನ್ನೂ ತೆಗೆದುಕೊಂಡಿಲ್ಲ, ಬಹಳ ಒಳ್ಳೆಯವರು” ಎಂದರು. ನಿಮ್ಮಿಂದ ತೆಗೆದುಕೊಳ್ಳದವನು ಬೇರೆಯವರಿಂದ ತೆಗೆದುಕೊಂಡಿರುತ್ತಾನೆ ಎಂಬ ಸರಳ ಸತ್ಯ ಅವರಿಗೆ ಹೊಳೆದಿರಲಿಲ್ಲ. ವಿದ್ಯಾರ್ಥಿಗಳನ್ನು ತಂದುಕೊಡುವ ಏಜೆಂಟರಿಗೆ ಕಮಿಷನ್ ಕೊಡುವ ಖಾಸಗಿ ಸಂಸ್ಥೆಗಳಿವೆ. ಶುಲ್ಕವನ್ನೇ ಪಡೆಯದ ವಿಶ್ವವಿದ್ಯಾನಿಲಯ ಎಲ್ಲಿಂದ ಕಮಿಷನ್ ಕೊಡಬೇಕು? ಹಾಗಾಗಿ ಅದರ ಹೆಸರು ಏಜೆಂಟನ ಬಾಯಿಗೆ ಬರುವುದಿಲ್ಲ. ಖಾಸಗಿ ಸಂಸ್ಥೆಗಳೆಲ್ಲ ಮೋಸದವು ಎಂದು ನಾವು ಹೇಳುತ್ತಿಲ್ಲ. ಆದರೆ ಬರ್ಲಿನ್‌ನಲ್ಲಿ ಖಾಸಗಿ ಸಂಸ್ಥೆಗೆ ಸೇರಿದ್ದ ಭಾರತೀಯ ವಿದ್ಯಾರ್ಥಿಗಳು, ಪಾಠದ ಒಂದು ಭಾಗ ಆನ್‌ಲೈನ್‌ನಲ್ಲಿದೆಯೆಂಬ ಕಾರಣಕ್ಕೆ ವಾಸ್ತವ್ಯದ ಅನುಮತಿ ಸಿಗದೆ ಕಂಗೆಟ್ಟದ್ದು 2025ರಲ್ಲಿ ಸುದ್ದಿಯಾಗಿತ್ತು. ಕಡತ ತಂದ ತಂದೆ ತೋಟವನ್ನು ಅಡವಿಡಲು ಸಿದ್ಧರಾಗಿದ್ದರು.

ಹಾಗಾದರೆ ಎಲ್ಲರೂ ಶುಲ್ಕವಿಲ್ಲದ ಕಡೆಗೇ ಏಕೆ ಹೋಗುವುದಿಲ್ಲ? ಏಕೆಂದರೆ ಅದು ಹಣದ ಬದಲು ಬೇರೆಯದನ್ನು ಕೇಳುತ್ತದೆ. ಒಳ್ಳೆಯ ಅಂಕ ಕೇಳುತ್ತದೆ, ಸಮಯ ಕೇಳುತ್ತದೆ, ಭಾಷೆ ಕೇಳುತ್ತದೆ. ನಮ್ಮ ಪಿಯುಸಿ ಮುಗಿಸಿದ ಕೂಡಲೇ ಅಲ್ಲಿ ಪದವಿ ತರಗತಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿ ಪದವಿಯ ಒಂದು ವರ್ಷವನ್ನಾದರೂ ಮುಗಿಸಿರಬೇಕು, ಅಥವಾ ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾಗಿರಬೇಕು, ಇಲ್ಲವೇ ಅಲ್ಲಿ ಒಂದು ವರ್ಷದ ಪೂರ್ವಸಿದ್ಧತಾ ತರಗತಿಯಲ್ಲಿ ಕಲಿಯಬೇಕು. ಪದವಿಯ ಪಾಠಗಳು ಬಹುತೇಕ ಜರ್ಮನ್ ಭಾಷೆಯಲ್ಲಿವೆ. ಇಂಗ್ಲಿಷ್‌ನಲ್ಲಿ ಕಲಿಸುವ ಕೋರ್ಸ್‌ಗಳು ಹೆಚ್ಚಾಗಿರುವುದು ಸ್ನಾತಕೋತ್ತರದಲ್ಲಿ. ಆದುದರಿಂದ ಇಲ್ಲಿಯೇ ಒಳ್ಳೆಯ ಪದವಿ ಪಡೆದು, ಆ ವರ್ಷಗಳಲ್ಲಿ ಭಾಷೆಯನ್ನೂ ಕಲಿತು, ಸ್ನಾತಕೋತ್ತರಕ್ಕೆ ಹೋಗುವುದು ನಮ್ಮ ಭಾಗದ ಮಕ್ಕಳಿಗೆ ಸೂಕ್ತವೆಂದು ನಮ್ಮ ಅಭಿಪ್ರಾಯ. ಕುರುಂಜಿ ವೆಂಕಟರಮಣ ಗೌಡರು 1986ರಲ್ಲಿ ಸುಳ್ಯದಂತಹ ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ಟಿದರು. ಮನೆಯ ಪಕ್ಕದಲ್ಲೇ ಇಂತಹ ಮೆಟ್ಟಿಲಿರುವಾಗ ಅದನ್ನು ಹಾರಿ ಹೋಗುವ ಅವಸರವೇಕೆ?

ಭಾಷೆಯ ವಿಷಯ ಬಂದಾಗ ನಮ್ಮವರು ಕೈಚೆಲ್ಲುತ್ತಾರೆ. ಆದರೆ ಈ ಸಭೆಯಲ್ಲಿರುವ ಹುಡುಗನನ್ನೇ ನೋಡಿ. ಮನೆಯಲ್ಲಿ ಬ್ಯಾರಿ ಅಥವಾ ಮಲೆಯಾಳ, ಪೇಟೆಯಲ್ಲಿ ತುಳು, ಗೆಳೆಯನ ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಇಷ್ಟನ್ನು ನಿಭಾಯಿಸುವ ನಾಲಗೆಗೆ ಇನ್ನೊಂದು ಭಾಷೆ ಭಾರವೇ? ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅದನ್ನು ಆರು ಹಂತಗಳಲ್ಲಿ ಕಲಿಸುತ್ತಾರೆ. ಒಂದು ಕಾಲದಲ್ಲಿ ಪ್ರಯಾಣ ಆ ಕಡೆಯಿಂದ ಈ ಕಡೆಗಿತ್ತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರ ಮತಪ್ರಚಾರದ ಉದ್ದೇಶದ ಬಗ್ಗೆ ನಮಗೆ ನಮ್ಮದೇ ನಿಲುವಿದೆ, ಅದು ಬೇರೆ ಮಾತು. ಆದರೆ ಅವರಲ್ಲೊಬ್ಬರಾದ ಜರ್ಮನಿಯ ಕಿಟ್ಟೆಲ್ ಕನ್ನಡವನ್ನು ಎಷ್ಟು ಕಲಿತರೆಂದರೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟನ್ನು ನಾವು ಇಂದಿಗೂ ತೆರೆಯುತ್ತೇವೆ. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ಟ್ಯೂಬಿಂಗೆನ್‌ನಲ್ಲಿ 2011ರಿಂದ ಇಸ್ಲಾಮೀ ಧರ್ಮಶಾಸ್ತ್ರದ ಕೇಂದ್ರವೊಂದಿದೆ. ಮದ್ರಸದಲ್ಲಿ ಕಲಿತ ನಮ್ಮ ಹುಡುಗರು ಅಲ್ಲಿಗೆ ಹೋಗಬಾರದೇ? ಹೋಗಬಹುದು. ಆದರೆ ಮದ್ರಸದ ಸನದು ಮಾತ್ರ ಹಿಡಿದು ಹೋಗುವಂತಿಲ್ಲ, ಜೊತೆಗೆ ವಿಶ್ವವಿದ್ಯಾನಿಲಯದ ಪದವಿ ಇರಬೇಕು. ನಾವು ಬಿ.ಎ. ಕಟ್ಟಿದಾಗ ಇದೇಕೆ ಎಂದು ಹಲವರು ಕೇಳಿದ್ದರು. ಉತ್ತರ ಇಲ್ಲಿದೆ.

ವೈದ್ಯಕೀಯದ ಮಾತು ಬೇರೆಯೇ ಆಗಿದೆ. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ್ ಅವರನ್ನು ನಾವು ಮರೆಯಬಾರದು. ಪಿಯುಸಿಯಲ್ಲಿ ಶೇ. 97 ಅಂಕ ಪಡೆದಿದ್ದ ಆ ಯುವಕನಿಗೆ ಸ್ವಂತ ರಾಜ್ಯದಲ್ಲಿ ಕೈಗೆಟುಕುವ ವೈದ್ಯಕೀಯ ಸೀಟು ಸಿಗಲಿಲ್ಲ. ಉಕ್ರೇನಿನ ಖಾರ್ಕಿವ್‌ಗೆ ಹೋದರು. 2022ರ ಮಾರ್ಚ್ 1ರಂದು, ಯುದ್ಧದ ನಡುವೆ ಆಹಾರ ತರಲು ಹೊರಬಂದಿದ್ದಾಗ ಶೆಲ್ ದಾಳಿಗೆ ಬಲಿಯಾದರು. ಆಗ ಅವರು ನಾಲ್ಕನೇ ವರ್ಷದಲ್ಲಿದ್ದರು. ಮೃತದೇಹ ಊರಿಗೆ ಬಂದಾಗ ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ತಮ್ಮ ಮಗನಿಗೆ ಸಿಗದ ವಿದ್ಯೆ ಬೇರೆ ಮಕ್ಕಳಿಗೆ ಸಿಗಲಿ ಎಂದು ಬಗೆದ ಆ ತಂದೆ ತಾಯಿಯ ಮುಂದೆ ಮಾತು ಸೋಲುತ್ತದೆ. ಆ ವಾರಗಳಲ್ಲಿ, ಅರ್ಹತೆಯಿಲ್ಲದವರು ಹೊರಗೆ ಹೋಗುತ್ತಾರೆ ಎಂದು ಹೀಯಾಳಿಸಿದವರೂ ಇದ್ದರು. ಶೇ. 97 ಅಂಕ ಅರ್ಹತೆಯಲ್ಲವಾದರೆ ಅರ್ಹತೆ ಯಾವುದು, ಕೋಟಿ ರೂಪಾಯಿಯೇ?

ಹಾಗೆಂದು ವಿದೇಶದ ಅಗ್ಗದ ವೈದ್ಯಕೀಯ ಸೀಟುಗಳ ಜಾಹೀರಾತನ್ನು ನಂಬಿಬಿಡಬೇಡಿ. 2021ರ ನವೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದ್ದಾಗಿರಬೇಕು, ಕಲಿತ ಸಂಸ್ಥೆಯಲ್ಲೇ ಒಂದು ವರ್ಷದ ಇಂಟರ್ನ್‌ಶಿಪ್ ಆಗಿರಬೇಕು, ಮರಳಿದ ಮೇಲೆ ಇಲ್ಲಿ ಇನ್ನೊಂದು ವರ್ಷ. ಇಲ್ಲಿಯ ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅನುತ್ತೀರ್ಣರಾಗುವವರೇ ಹೆಚ್ಚು. ಈ ಸಂಗತಿಗಳನ್ನು ಹೇಳದ ಜಾಹೀರಾತು ಅರ್ಧ ಸುಳ್ಳು.

ಹಣವೆಲ್ಲಿಂದ? ಈ ಪ್ರಶ್ನೆಗೆ ಸರಕಾರದಿಂದ ಒಂದು ಉತ್ತರವಿತ್ತು. ಅಲ್ಪಸಂಖ್ಯಾತ ಸಮುದಾಯಗಳ ಬಡ ವಿದ್ಯಾರ್ಥಿಗಳ ವಿದೇಶ ವ್ಯಾಸಂಗ ಸಾಲದ ಬಡ್ಡಿಯನ್ನು ಭರಿಸುವ ‘ಪಢೋ ಪರದೇಸ್’ ಯೋಜನೆ 2013-14ರಲ್ಲಿ ಆರಂಭವಾಗಿತ್ತು. ಕೇಂದ್ರ ಸರಕಾರ 2022-23ರಿಂದ ಅದನ್ನು ನಿಲ್ಲಿಸಿತು. ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ಅದೇ ಹೊತ್ತಿಗೆ ನಿಲ್ಲಿಸಿತು. ಬೇರೆ ಯೋಜನೆಗಳೊಂದಿಗೆ ತಾಳೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಪ್ರಸಿದ್ಧ ಕಾಲೇಜುಗಳಲ್ಲಿ ಪದವಿಯ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರದ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಆ ಅಂತರವನ್ನು ತುಂಬುವ ಮೊದಲೇ ಏಣಿಯನ್ನು ತೆಗೆದುಬಿಟ್ಟದ್ದು ಯಾವ ನ್ಯಾಯ? ರಾಜ್ಯದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲವಿದೆ. ಅದರ ಷರತ್ತುಗಳನ್ನು ಆಯಾ ವರ್ಷ ನಿಗಮದ ಕಚೇರಿಯಲ್ಲೇ ಕೇಳಿ ತಿಳಿಯಿರಿ, ದಲ್ಲಾಳಿಯ ಬಾಯಿಂದಲ್ಲ. ಪ್ರತಿಭಾವಂತರಿಗೆ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನವಿದೆ. ಶುಲ್ಕವಿಲ್ಲ, ಮೇಲಿಂದ ತಿಂಗಳಿಗೆ 1,400 ಯೂರೋ. ಕಲಾ ವಿಭಾಗದವರಿಗೂ ಅದರಲ್ಲಿ ಕೋರ್ಸ್‌ಗಳಿವೆ.

ಇವೆಲ್ಲದರ ಆಚೆ ಉಳಿಯುವುದು ನಮ್ಮದೇ ಜೇಬು. ಬಡ್ಡಿಯ ಸಾಲಕ್ಕೆ ಹೆದರಿ ಹಿಂದೆ ಸರಿಯುವ ತಂದೆಗೆ ನಾವು ಭೇಷ್ ಎನ್ನುತ್ತೇವೆ. ಆದರೆ ಅವನ ಮಗಳ ಓದು ಅಲ್ಲಿಗೆ ನಿಂತಾಗ ನಾವು ಮನೆಗೆ ಹೋಗಿ ಮಲಗುತ್ತೇವೆ! ಬಡ್ಡಿ ನಿಷಿದ್ಧವೆಂದು ಹೇಳಿದ ನಾಲಗೆ ಬಡ್ಡಿರಹಿತ ಸಾಲದ ದಾರಿಯನ್ನೂ ತೋರಿಸಬೇಕಲ್ಲವೇ? 12 ಲಕ್ಷ ರೂಪಾಯಿ ಒಬ್ಬ ತಂದೆಗೆ ಬೆಟ್ಟ. ಒಂದು ತಾಲೂಕಿನ ಜಮಾಅತ್‌ಗಳು ಸೇರಿದರೆ ಅದು ಬೆಟ್ಟವಲ್ಲ. ಒಂದು ಮದುವೆಯ ಸಭಾಂಗಣ, ಅಲಂಕಾರ, ಊಟದ ಬಗೆಗಳಿಗೆ ಎಷ್ಟಾಗುತ್ತದೆಂದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ವರ್ಷಕ್ಕೆ ಇಬ್ಬರಿಗೆ ಸಾಲ ಕೊಡಿ, ಬರಹದಲ್ಲಿ ಕರಾರು ಮಾಡಿ, ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ಹಿಂತಿರುಗಿಸಲಿ, ಮುಂದಿನ ಇಬ್ಬರಿಗೆ ಅದೇ ಹಣ ಹೋಗಲಿ. ಗಲ್ಫಿನಲ್ಲಿ ದುಡಿದು ಮರಳಿದ ಹಿರಿಯರು ಇಲ್ಲಿದ್ದೀರಿ. ತಮ್ಮನಿಗೆ ವೀಸಾ ಕಳಿಸಿದ ಆ ಪದ್ಧತಿಯನ್ನೇ ಇಲ್ಲಿಗೆ ತನ್ನಿ ಎಂದಷ್ಟೇ ನಾವು ಕೇಳುತ್ತಿದ್ದೇವೆ.

ಮಗಳು ಎಂದೆವು. ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬಂದಾಗಲೆಲ್ಲ ಮುಂದಿರುವವರು ಹೆಣ್ಮಕ್ಕಳು. ಆದರೆ ವಿದೇಶದ ಮಾತು ಬಂದಾಗ ಮಗನ ಹೆಸರೇ ಮುಂದೆ ಬರುತ್ತದೆ. ಮಹ್ರಮ್ ಇಲ್ಲದ ಪ್ರಯಾಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ದಾರಿಯೂ ವಾಸವೂ ಸುರಕ್ಷಿತವಾಗಿದ್ದರೆ ಅನುಮತಿಸಿದವರಿದ್ದಾರೆ. ನೀವು ನಂಬುವ ವಿದ್ವಾಂಸರಲ್ಲಿ ಕೇಳಿ. ನಮಗೆ ಅಚ್ಚರಿಯಾಗುವುದು ಬೇರೆ. ಎಲ್ಲಿ ವಾಸ, ಯಾರ ಸಹವಾಸ, ನಮಾಝಿಗೇನು, ಊಟ ಹಲಾಲೇ ಎಂದು ಮಗಳ ವಿಷಯದಲ್ಲಿ ಕೇಳುವ ನೂರು ಪ್ರಶ್ನೆಗಳನ್ನು ಮಗನ ವಿಷಯದಲ್ಲಿ ಏಕೆ ಒಬ್ಬರೂ ಕೇಳುವುದಿಲ್ಲ? 2022ರಲ್ಲಿ ನಮ್ಮದೇ ರಾಜ್ಯದಲ್ಲಿ ಶಿರವಸ್ತ್ರದ ಕಾರಣಕ್ಕೆ ಹೆಣ್ಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿನಿ ಶಿರವಸ್ತ್ರ ಧರಿಸಿ ಕಲಿಯಬಹುದು. ಫ್ರಾನ್ಸಿನ 2004ರ ನಿಷೇಧವೂ ಸರಕಾರೀ ಶಾಲೆಗಳಿಗೆ ಸಂಬಂಧಿಸಿದ್ದೇ ಹೊರತು ವಿಶ್ವವಿದ್ಯಾನಿಲಯಗಳಿಗಲ್ಲ.

ಯುರೋಪು ಸ್ವರ್ಗವೆಂದು ನಾವು ಹೇಳುತ್ತಿಲ್ಲ. 2009ರ ಜುಲೈಯಲ್ಲಿ ಡ್ರೆಸ್ಡೆನ್ ನಗರದ ನ್ಯಾಯಾಲಯದೊಳಗೆ, ಈಜಿಪ್ಟಿನ ಔಷಧ ತಜ್ಞೆ ಮರ್ವಾ ಅಲ್ ಶರ್ಬೀನಿಯವರನ್ನು, ಅವರನ್ನು ನಿಂದಿಸಿದ ಪ್ರಕರಣದ ಆರೋಪಿಯೇ ಇರಿದು ಕೊಂದ. ಅವರ ಪತಿ ಅದೇ ನಗರದಲ್ಲಿ ಸಂಶೋಧನೆಗಾಗಿ ಬಂದವರು. ಕೊಲೆಗಾರನಿಗೆ ಅದೇ ವರ್ಷ ಜೀವಾವಧಿ ಶಿಕ್ಷೆಯಾಯಿತು. ವಲಸಿಗರನ್ನು ವಿರೋಧಿಸುವ ಎಎಫ್‌ಡಿ ಪಕ್ಷ 2025ರ ಫೆಬ್ರವರಿಯ ಚುನಾವಣೆಯಲ್ಲಿ ಎರಡನೇ ಸ್ಥಾನಕ್ಕೆ ಬಂದಿದೆ. ಮಕ್ಕಳಿಗೆ ಇದನ್ನೂ ಹೇಳಿ ಕಳಿಸಬೇಕು. ಯಾವ ನಗರ, ಅಲ್ಲಿ ಮಸೀದಿ ಎಲ್ಲಿದೆ, ಭಾರತೀಯ ವಿದ್ಯಾರ್ಥಿಗಳ ಬಳಗ ಯಾವುದು ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಕೊನೆಗೆ ದಿನಾಂಕಗಳ ವಿಷಯ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಆರಂಭವಾಗುತ್ತದೆ. ಹಲವು ಕೋರ್ಸ್‌ಗಳ ಅರ್ಜಿಗೆ ಜುಲೈ 15 ಕೊನೆಯ ದಿನ, ಇಂಗ್ಲಿಷ್ ಮಾಧ್ಯಮದ ಎಷ್ಟೋ ಸ್ನಾತಕೋತ್ತರ ಕೋರ್ಸ್‌ಗಳಿಗೆ ಅದಕ್ಕಿಂತಲೂ ಮೊದಲು. ಇಲ್ಲಿಯ ಅಂತಿಮ ಫಲಿತಾಂಶ ಕೈಗೆ ಬಂದ ಮೇಲೆ ಯೋಚಿಸಲು ಕುಳಿತರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಆಗಲೇ ಏಜೆಂಟನ ಬಾಗಿಲು ನೆನಪಾಗುವುದು. ಪದವಿಯ ಎರಡನೇ ವರ್ಷದಲ್ಲಿರುವವರು ಈ ವರ್ಷವೇ ಭಾಷಾ ತರಗತಿಗೆ ಸೇರಬೇಕು, ಪಾಸ್‌ಪೋರ್ಟ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್, ಮತ್ತೊಂದು ಕಡೆ ಬರೇ ಎಂ. ಎಂದಿದ್ದರೆ ಅದನ್ನು ಸರಿಪಡಿಸಲು ತಿಂಗಳುಗಳು ಬೇಕು. ಅಸರ್ ನಮಾಝಿನ ಬಳಿಕ ನಾವು ಮದ್ರಸದ ಕೋಣೆಯಲ್ಲಿ ಕುಳಿತಿರುತ್ತೇವೆ. ಅಂಕಪಟ್ಟಿ ತಂದಿರುವವರು ಬನ್ನಿ. ಹೆಣ್ಮಕ್ಕಳು ತಾಯಿಯ ಜೊತೆ ಬನ್ನಿ. ಏಜೆಂಟರು ಕೊಟ್ಟ ಕಡತವಿದ್ದರೆ ಸಹಿ ಹಾಕುವ ಮೊದಲು ಅದನ್ನೂ ತನ್ನಿ, ಕೂತು ಓದೋಣ.